ಬಾರಾಮಹಲಿನ ಘಟ್ಟದಾರಿಗಳು ಮತ್ತು ಬೇಹುಗಾರಿಕೆ

ಮೈಸೂರಿನ ಎತ್ತರದ ಬಯಲಿಗೂ ಪೂರ್ವದ ತಮಿಳು ತಗ್ಗಿಗೂ ನಡುವೆ ನಡುಮೆಟ್ಟಿಲಿನಂತಹ ಒಂದು ಸೀಮೆ ಇದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದರ ಕೆಳಗಿನ ಕೃಷ್ಣಗಿರಿ, ಧರ್ಮಪುರಿಗಳ ಎತ್ತರ ಸರಿಸುಮಾರು ಅದರ ಅರ್ಧ. ತೊಪ್ಪೂರು ಕಣಿವೆ ಇಳಿದು ಸೇಲಂ ಮುಟ್ಟುವ ಹೊತ್ತಿಗೆ 300 ಮೀಟರೂ ಉಳಿದಿರುವುದಿಲ್ಲ. ಕೃಷ್ಣಗಿರಿ, ಧರ್ಮಪುರಿ, ತಿರುಪ್ಪತ್ತೂರುಗಳ ಸುತ್ತಲ ಈ ನಡುಸೀಮೆಯನ್ನು ಹದಿನೆಂಟನೆಯ ಶತಮಾನದ ಕಾಗದಪತ್ರಗಳು ಬಾರಾಮಹಲ್ ಎಂದು ಕರೆದಿವೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಧರ್ಮಪುರಿ, ಸೇಲಂಗಳು ಮೈಸೂರಿಗೆ ಸೇರಿದವು. ಆಮೇಲೆ ಕಡಪದ ನವಾಬರ ಪಾಲಾಗಿದ್ದ ಬಾರಾಮಹಲನ್ನು 1760ರ ಸುಮಾರಿಗೆ ಹೈದರಾಲಿ ವಶಪಡಿಸಿಕೊಂಡ. ಅಲ್ಲಿಂದ 1799ರವರೆಗೆ ಮೈಸೂರಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ನಾಲ್ಕು ಯುದ್ಧಗಳಲ್ಲಿ ಈ ಸೀಮೆ ಒಮ್ಮೆ ರಣಭೂಮಿ, ಇನ್ನೊಮ್ಮೆ ಉಗ್ರಾಣ, ಸದಾಕಾಲವೂ ದಾರಿ.

ಸೈನ್ಯಕ್ಕೆ ಇಲ್ಲಿ ಬೇಕಾದ ಕಡೆ ನುಗ್ಗುವ ಅವಕಾಶವಿರಲಿಲ್ಲ. ಕಾಲಾಳು ಕಾಡಿನ ಕಾಲುದಾರಿಯಲ್ಲಿ ನುಸುಳಬಹುದು. ತೋಪಿನ ಗಾಡಿ, ಹೇರೆತ್ತುಗಳಿಗೆ ಕಣಿವೆಯೇ ಗತಿ. ಮೇಲಿನ ಹೊಸೂರಿನ ಕಡೆಗೆ ಹತ್ತಲು ರಾಯಕೋಟೆ, ಪಾಲಕೋಡುಗಳ ದಾರಿ. ಪೂರ್ವಕ್ಕೆ ತಿರುವಣ್ಣಾಮಲೈ ಕಡೆಗೆ ಇಳಿಯಲು ಸಿಂಗಾರಪೇಟೆ ಹತ್ತಿರದ ಚೆಂಗಮ ಕಣಿವೆ. ಈಶಾನ್ಯಕ್ಕೆ ಪಾಲಾರ್ ನದಿಯ ಬದಿಯಲ್ಲಿ ವಾಣಿಯಂಬಾಡಿ, ಆಂಬೂರುಗಳ ಮೂಲಕ ವೆಲ್ಲೂರು. ದಕ್ಷಿಣಕ್ಕೆ ತೊಪ್ಪೂರು, ಸೇಲಂನಿಂದ ಮತ್ತೆ ಪೂರ್ವಕ್ಕೆ ಆತ್ತೂರು. ಕಾವೇರಿಯ ಆಚೆ ದಡದಲ್ಲಿ ಕೊಳ್ಳೇಗಾಲದ ಕಡೆಗೆ ಹತ್ತುವ ಕಾವೇರಿಪುರದ ಘಟ್ಟ. ಇವುಗಳ ಬಾಯಲ್ಲಿ ಯಾರು ನಿಂತಿದ್ದಾರೆ, ಎಷ್ಟು ಎತ್ತು ದಾಟಿತು, ಯಾವ ಪೇಟೆಗೆ ಅಕ್ಕಿ ಬಂದು ಬೀಳುತ್ತಿದೆ ಎಂಬುದು ತಿಳಿದರೆ, ಶತ್ರು ಮುಂದಿನ ವಾರ ಎಲ್ಲಿರಬಹುದೆಂಬ ಅಂದಾಜು ಸಿಗುತ್ತಿತ್ತು.

ಸುದ್ದಿ ತರುತ್ತಿದ್ದವರಲ್ಲಿ ಮೊದಲಿಗರು ಹರಕಾರರು. ಓಲೆ ಒಯ್ಯುವುದು, ದಾರಿ ತೋರಿಸುವುದು, ಎದುರಾಳಿಯ ಪಾಳೆಯದೊಳಗೆ ಹೋಗಿ ನೋಡಿ ಬರುವುದು, ಮೂರೂ ಅವರ ಕೆಲಸ. ಪಾಳೆಯವೆಂದರೆ ಬರೀ ಸಿಪಾಯಿಗಳ ಗುಂಪಾಗಿರಲಿಲ್ಲ. ಬಜಾರು, ಹುಲ್ಲು ಕೊಯ್ಯುವವರು, ಕುದುರೆ ಚಾಕರಿಯವರು, ವ್ಯಾಪಾರಿಗಳು ಸೇರಿದ ನಡೆದಾಡುವ ಊರಾಗಿತ್ತು. ಕನ್ನಡ, ತಮಿಳು, ತೆಲುಗು ಮೂರೂ ನಡೆಯುವ ಈ ಸೀಮೆಯವನೊಬ್ಬ ಅದರೊಳಗೆ ಹೊಕ್ಕು ಹೊರಬರುವುದು ಕಷ್ಟವೇನಲ್ಲ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಅಂಚೆಯೂ ಪತ್ರ ಸಾಗಿಸುವುದರ ಜೊತೆಗೆ ಸುದ್ದಿ ಹೆಕ್ಕುವ ಕೆಲಸ ಮಾಡುತ್ತಿತ್ತು. ಹೈದರ್, ಅವನ ಮಗ ಟಿಪ್ಪು ಇಬ್ಬರಿಗೂ ಇದಕ್ಕಿಂತ ದೊಡ್ಡ ಬಲ ಹಗುರ ಕುದುರೆ ಪಡೆ. ಅದು ಶತ್ರುವಿನ ಸುತ್ತ ಸುತ್ತುತ್ತ ನೋಡುತ್ತಿತ್ತು, ಅವನ ಹರಕಾರರನ್ನು ಹಿಡಿಯುತ್ತಿತ್ತು, ಮೇಯಲು ಬಿಟ್ಟ ದನಗಳನ್ನು ಹೊಡೆದುಕೊಂಡು ಹೋಗುತ್ತಿತ್ತು. ನೋಡುವುದು ಮತ್ತು ನೋಡಗೊಡದಿರುವುದು, ಎರಡನ್ನೂ ಒಂದೇ ಪಡೆ ಮಾಡಿತು. ಕಂಪನಿಯವರಿಗೆ ಬಹುಕಾಲ ಇಂಥ ಕುದುರೆಯೂ ಇರಲಿಲ್ಲ, ಅದರ ಮಹತ್ವ ತಿಳಿದೂ ಇರಲಿಲ್ಲ.

ಮೊದಲ ಯುದ್ಧವೇ ಇದನ್ನು ತೋರಿಸಿಕೊಟ್ಟಿತು. 1767ರಲ್ಲಿ ಕಂಪನಿಯ ಕರ್ನಲ್ ಜೋಸೆಫ್ ಸ್ಮಿತ್ ಬಾರಾಮಹಲಿನಲ್ಲಿದ್ದಾಗ ಹೈದರನ ಕುದುರೆ ಪಡೆ ಕಣಿವೆ ಇಳಿದು ಬಂದು ಮೊದಲು ಕೈಹಾಕಿದ್ದು ಅವನ ದನಗಳ ಮೇಲೆ. ಎಳೆಯುವ ಎತ್ತಿಲ್ಲದ ತೋಪು ಇದ್ದೂ ಇಲ್ಲದಂತೆ. ಸ್ಮಿತ್ ಪೂರ್ವಕ್ಕೆ ಸರಿದ; ಸೆಪ್ಟೆಂಬರ್ 3ರಂದು ಚೆಂಗಮದಲ್ಲಿ ಕಾದಾಡಿ ಗೆದ್ದ. ಆದರೆ ಗೆದ್ದ ನೆಲದಲ್ಲಿ ನಿಲ್ಲಲು ಅನ್ನವಿರಲಿಲ್ಲ. ಆರ್ಕಾಟಿನ ನವಾಬ ಮಾತು ಕೊಟ್ಟಿದ್ದ ದಾಸ್ತಾನು ತಿರುವಣ್ಣಾಮಲೈಯಲ್ಲೂ ಸಿಗಲಿಲ್ಲ. ಎದುರಾಳಿ ಏನು ಮಾಡುತ್ತಿದ್ದಾನೆಂಬುದರ ಮಾತು ಹಾಗಿರಲಿ, ತನ್ನ ಅಕ್ಕಿ ಎಲ್ಲಿದೆ ಎಂಬುದೇ ಆ ಸೇನಾಪತಿಗೆ ಗೊತ್ತಿರಲಿಲ್ಲ.

ಅದೇ ಯುದ್ಧದ ಕೊನೆಯಲ್ಲಿ ಹೈದರ್ ಆಡಿದ ಆಟ ಬೇಹುಗಾರಿಕೆಯ ಒಂದು ಹಳೆಯ ದೌರ್ಬಲ್ಯವನ್ನು ಬಯಲಿಗೆ ತಂದಿತು. 1768ರ ಕೊನೆಗೆ ಬಾರಾಮಹಲ್, ಸೇಲಂ, ನಾಮಕ್ಕಲ್‌ಗಳನ್ನು ಮರಳಿ ಪಡೆದಿದ್ದ ಅವನು, ಮರುವರ್ಷದ ಮಾರ್ಚಿನಲ್ಲಿ ತನ್ನ ತೋಪು, ಸಾಮಾನು, ಮುಖ್ಯ ಸೈನ್ಯವನ್ನೆಲ್ಲ ಆತ್ತೂರಿನ ಕಣಿವೆಯ ಕಡೆಗೆ ಹಿಂದೆ ಕಳಿಸಿದ. ಹೈದರ್ ಮನೆಗೆ ಹೊರಟ ಎಂದು ನಂಬುವುದಕ್ಕೆ ಅಷ್ಟು ಸಾಕಾಗಿತ್ತು. ಅವನು ಮಾತ್ರ ಆಯ್ದ 6,000 ಕುದುರೆ ಸವಾರರೊಡನೆ ಮೂರೂವರೆ ದಿನದಲ್ಲಿ 130 ಮೈಲಿ ಓಡಿ 1769ರ ಮಾರ್ಚ್ 29ರಂದು ಮದರಾಸಿನ ಬಾಗಿಲಲ್ಲಿ ಕಾಣಿಸಿಕೊಂಡ. ಕಾವಲುಗಾರರ ಕಣ್ಣು ಸಹಜವಾಗಿಯೇ ದೊಡ್ಡದರ ಹಿಂದೆ ಹೋಗುತ್ತದೆ ಎಂಬುದನ್ನು ಅವನು ಬಲ್ಲ. ಮದರಾಸು ಸರ್ಕಾರ ಅವನ ಷರತ್ತಿನಂತೆ ಸಂಧಿ ಮಾಡಿಕೊಂಡಿತು.

ಎರಡನೆಯ ಯುದ್ಧ ಶುರುವಾದ 1780ರ ಜುಲೈನಲ್ಲಿ ಚೆಂಗಮ ಕಣಿವೆಯಲ್ಲಿ ಇಳಿದದ್ದು ಸಣ್ಣ ಪಡೆಯಲ್ಲ. 80,000ಕ್ಕೂ ಮಿಕ್ಕ ಸೈನ್ಯ ಬಚ್ಚಿಟ್ಟುಕೊಂಡು ಬರಲು ಸಾಧ್ಯವೂ ಇಲ್ಲ. ಹೈದರನ ಸಿದ್ಧತೆಯ ಸುದ್ದಿ ಮದರಾಸಿಗೆ ಮೊದಲೇ ಮುಟ್ಟಿತ್ತು. ಅಲ್ಲಿನ ಆಡಳಿತ ಮಂಡಳಿ ಅದನ್ನು ನಂಬಲಿಲ್ಲ. ಕಂಚಿ, ಪರಂಗಿಪೇಟೆಗಳು ಲೂಟಿಯಾಗಿ, ಉರಿಯುವ ಹಳ್ಳಿಗಳ ಹೊಗೆ ಮದರಾಸಿನ ಪಕ್ಕದ ಪರಂಗಿಮಲೆಗೆ ಕಂಡ ಮೇಲಷ್ಟೆ ನಂಬಿಕೆ ಹುಟ್ಟಿತು. ಇದನ್ನು ಬೇಹಿನ ಸೋಲು ಎಂದು ಬರೆಯುವುದು ರೂಢಿ. ವಾಸ್ತವವಾಗಿ ಬೇಹು ತನ್ನ ಕೆಲಸ ಮಾಡಿತ್ತು. ಸೋತದ್ದು ಕೇಳುವ ಕಿವಿ. ಆ ಸೆಪ್ಟೆಂಬರಿನಲ್ಲಿ ಕಂಪನಿಯ ಕರ್ನಲ್ ಬೇಲಿಯ ನೆರವಿಗೆ ಹೊರಟ ಕರ್ನಲ್ ಫ್ಲೆಚರ್ ದಾರಿ ತೋರಿಸುವವರ ಮೇಲೆ ಅನುಮಾನಪಟ್ಟು ಹಾದಿ ಬದಲಿಸಿದ್ದರಿಂದ ಅವನನ್ನು ಸೇರಿಕೊಂಡ. ಆ ಮಾರ್ಗದರ್ಶಿಗಳು ಹೈದರನ ಹಣ ತಿನ್ನುತ್ತಿದ್ದರಂತೆ. ಆದರೂ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬೇಲಿಯ ಪಡೆ ನಾಶವಾಯಿತು. ಇಂಥ ಕಡೆ ಇಂಗ್ಲಿಷ್ ಇತಿಹಾಸಕಾರರು ಮೈಸೂರಿನ ಬೇಹುಗಾರರಿಗೆ ದ್ರೋಹದ ಬಣ್ಣ ಬಳಿಯುತ್ತಾರೆ, ತಮ್ಮವರದನ್ನು ಚಾಣಾಕ್ಷತನ ಎನ್ನುತ್ತಾರೆ. ಈ ಯುದ್ಧಗಳ ಬಗ್ಗೆ ಇಂದು ಬಳಕೆಯಲ್ಲಿರುವ ವಿವರಗಳ ದೊಡ್ಡ ಪಾಲು ಅವರ ಕಡೆಯದೇ ಆದ್ದರಿಂದ ಓದುವಾಗ ಇದು ನೆನಪಿರಬೇಕು.

ಪೆಟ್ಟು ತಿಂದ ಕಂಪನಿ 1784ರ ಮಂಗಳೂರು ಸಂಧಿಯ ನಂತರ ಸುದ್ದಿ ಸಂಗ್ರಹಕ್ಕೆ ಒಂದು ವ್ಯವಸ್ಥೆ ಕಟ್ಟತೊಡಗಿತು. ಕ್ಯಾಪ್ಟನ್ ಅಲೆಗ್ಸಾಂಡರ್ ಬೀಟ್ಸನ್ ಘಟ್ಟದಾರಿಗಳನ್ನು ಅಳೆದು ನಕ್ಷೆ ಬರೆದ. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್‌ಗೆ ಮೈಸೂರಿನ ಸುದ್ದಿ ಹೊಂದಿಸುವ ಹೊಣೆ ಬಂತು. 1788ರಿಂದ ಅವನ ಸಹಾಯಕನಾದವನು ಆಗಿನ್ನೂ ಕಿರಿಯ ಅಧಿಕಾರಿ, ಮುಂದೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೋ. ರೀಡ್‌ನ ಠಾಣೆ ಆಂಬೂರು. ಬಾರಾಮಹಲಿನಿಂದ ವೆಲ್ಲೂರಿಗೆ ಇಳಿಯುವ ದಾರಿಯ ಬಾಯಲ್ಲಿದ್ದ ಆ ಊರಿನಲ್ಲಿ ಕುಳಿತರೆ ಮೇಲಿನಿಂದ ಬರುವ ವ್ಯಾಪಾರಿ, ಯಾತ್ರಿಕ, ಓಡಿಬಂದ ಸಿಪಾಯಿ ಎಲ್ಲರ ಮಾತೂ ಕಿವಿಗೆ ಬೀಳುತ್ತಿತ್ತು. ಒಬ್ಬನ ಮಾತನ್ನು ಇನ್ನೊಬ್ಬನ ಮಾತಿಗೆ ಒರೆ ಹಚ್ಚಿ ನೋಡಬಹುದಾಗಿತ್ತು.

ವ್ಯವಸ್ಥೆಯಾದ ಮಾತ್ರಕ್ಕೆ ಹಳೆಯ ರೋಗ ಹೋಗಲಿಲ್ಲ. ಮೂರನೆಯ ಯುದ್ಧದಲ್ಲಿ, 1790ರ ಸೆಪ್ಟೆಂಬರಿನಲ್ಲಿ, ಟಿಪ್ಪು ಗಜಲಹಟ್ಟಿ ಕಣಿವೆ ಇಳಿಯುತ್ತಿರುವ ಸುದ್ದಿಯನ್ನು ಸತ್ಯಮಂಗಲದಲ್ಲಿದ್ದ ಕರ್ನಲ್ ಫ್ಲಾಯ್ಡ್ ತನ್ನ ಸೇನಾಪತಿ ಜನರಲ್ ಮೆಡೋಸ್‌ಗೆ ತಿಳಿಸಿದ. ಮೆಡೋಸ್ ನಂಬಲಿಲ್ಲ. ಸೆಪ್ಟೆಂಬರ್ 13ರಂದು ಟಿಪ್ಪುವಿನ ಸೈನ್ಯ ಫ್ಲಾಯ್ಡ್‌ನ ಮೈಮೇಲೆಯೇ ಬಿತ್ತು.

ಎರಡು ತಿಂಗಳ ನಂತರ ತೊಪ್ಪೂರಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. ಕರ್ನಲ್ ಮ್ಯಾಕ್ಸ್‌ವೆಲ್ ಪೂರ್ವದಿಂದ ಬಾರಾಮಹಲಿಗೆ ನುಗ್ಗಿ ಕಾವೇರಿಪಟ್ಟಣದ ಬಳಿ ನಿಂತಿದ್ದ. ಕೊಯಮತ್ತೂರು ಸೀಮೆಯಲ್ಲಿ ಮೆಡೋಸ್‌ನ ಎದುರಿದ್ದ ಟಿಪ್ಪು ಸದ್ದಿಲ್ಲದೆ ಕಾವೇರಿ ದಾಟಿ ಮ್ಯಾಕ್ಸ್‌ವೆಲ್‌ನ ಕಡೆ ತಿರುಗಿದ. ಬೆನ್ನಟ್ಟಿ ಬಂದ ಮೆಡೋಸ್‌ನ ಪಡೆ ನವೆಂಬರ್ ನಡುವೆ ತೊಪ್ಪೂರು ಕಣಿವೆ ಹತ್ತಿ ಬಂದಾಗ ಕೆಲವು ಮೈಲಿ ದೂರದಲ್ಲಿ ಡೇರೆಗಳು ಕಂಡವು. ಮ್ಯಾಕ್ಸ್‌ವೆಲ್‌ನವೇ ಇರಬೇಕೆಂದು ಹಿಗ್ಗಿ, ನಾವು ಬಂದೆವೆಂದು ತಿಳಿಸಲು ಮೂರು ತೋಪು ಹಾರಿಸಿದರು. ಡೇರೆಗಳು ನೋಡನೋಡುತ್ತಿದ್ದಂತೆ ಮಾಯವಾದವು. ಅದು ಟಿಪ್ಪುವಿನ ಪಾಳೆಯವಾಗಿತ್ತು! ಅಷ್ಟು ಹತ್ತಿರ ಬಂದಿದ್ದ ಶತ್ರುವಿನ ಸುಳಿವು ಆವರೆಗೆ ಟಿಪ್ಪುವಿಗೂ ಸಿಕ್ಕಿರಲಿಲ್ಲ ಎಂಬುದು ಇದರಿಂದ ಹೊರಡುವ ಇನ್ನೊಂದು ಸಂಗತಿ. ನವೆಂಬರ್ 17ರಂದು ಕಂಪನಿಯ ಎರಡೂ ಸೈನ್ಯ ಒಂದಾದವು. ಮರುದಿನ ಟಿಪ್ಪು ಅದೇ ತೊಪ್ಪೂರು ಕಣಿವೆಗೆ ತಿರುಗಿದ. ಇಂಗ್ಲಿಷರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಣಿವೆಯ ತಲೆ ಮುಟ್ಟಿದರು. ಕುದುರೆ ಪಡೆಯನ್ನು ಅಡ್ಡ ನಿಲ್ಲಿಸಿ ಟಿಪ್ಪು ಕಾಲಾಳು, ತೋಪುಗಳನ್ನು ಇಳಿಸಿಕೊಂಡು ತಿರುಚಿರಾಪಳ್ಳಿಯ ಕಡೆ ಹೊರಟುಹೋದ. ಈ ಸಲ ಶತ್ರು ಎಲ್ಲಿಗೆ ಹೋಗುತ್ತಾನೆಂಬುದು ಕಣ್ಣಿಗೇ ಕಾಣುತ್ತಿತ್ತು, ಕಾಲು ಸಾಗಲಿಲ್ಲ. ಇಂದು ಬೆಂಗಳೂರು, ಸೇಲಂ ನಡುವಿನ 44ನೆಯ ರಾಷ್ಟ್ರೀಯ ಹೆದ್ದಾರಿ ಇಳಿಯುವುದು ಇದೇ ಘಟ್ಟದಲ್ಲಿ.

1791ರ ಫೆಬ್ರುವರಿಯಲ್ಲಿ ಮೋಸ ಹೋಗುವ ಸರದಿ ಟಿಪ್ಪುವಿನದು. ಕಂಪನಿಯ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಆಂಬೂರಿನ ಕಡೆ ಹೊರಟಂತೆ ತೋರಿಸಿ, ಬಾರಾಮಹಲಿನ ಕಣಿವೆಗಳತ್ತ ಟಿಪ್ಪುವಿನ ಗಮನ ಕಟ್ಟಿಹಾಕಿ, ಉತ್ತರದ ಮೊಗಿಲಿ ಕಣಿವೆಯಲ್ಲಿ ಎದುರೇ ಇಲ್ಲದೆ ಮೇಲೆ ಹತ್ತಿದ. ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿತ್ತು. ಆದರೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಗೆದ್ದೂ ಕಾರ್ನ್‌ವಾಲಿಸ್ ಹಿಂದೆ ಸರಿಯಬೇಕಾಯಿತು. ಎತ್ತುಗಳು ಸತ್ತಿದ್ದವು, ಅಕ್ಕಿ ಮುಗಿದಿತ್ತು. ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಹೊರಟ. ಕಂಪನಿಯ ಮಿತ್ರರಾದ ಮರಾಠರ ಸೈನ್ಯ ತೀರ ಸಮೀಪಕ್ಕೆ ಬಂದಿದೆಯೆಂಬುದು ಅವನಿಗೆ ತಿಳಿದಿರಲೇ ಇಲ್ಲ. ಆ ಸುದ್ದಿ ತರುತ್ತಿದ್ದವರನ್ನೆಲ್ಲ ಟಿಪ್ಪುವಿನ ಕುದುರೆ ಪಡೆ ದಾರಿಯಲ್ಲೇ ತಡೆದಿತ್ತು. ಒಂದು ಸೈನ್ಯವನ್ನು ಕುರುಡಾಗಿಸುವುದರಿಂದ ಎಷ್ಟು ಲಾಭವೆಂಬುದಕ್ಕೆ ಈ ಯುದ್ಧಗಳಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಕಾರ್ನ್‌ವಾಲಿಸ್ ಪಾಠ ಕಲಿತ. ಮುಂದಿನ ಆರು ತಿಂಗಳು ಅವನ ಗಮನವೆಲ್ಲ ಅಕ್ಕಿ ಬರುವ ದಾರಿಯ ಮೇಲೆ. ಜುಲೈನಲ್ಲಿ ಹೊಸೂರು, ರಾಯಕೋಟೆಗಳನ್ನು ಹಿಡಿದದ್ದು ಪಾಲಕೋಡಿನ ಘಟ್ಟ ತೆರೆಯುವುದಕ್ಕಾಗಿ. ಆಗಸ್ಟಿನಲ್ಲಿ ಆಂಬೂರಿನಿಂದ ದೊಡ್ಡ ಸಾಗಣೆ ಆ ದಾರಿಯಾಗಿ ಬಂತು. ಇದರ ಹಿಂದಿದ್ದವನೂ ರೀಡ್. ಸುದ್ದಿಗಾಗಿ ಬೆಳೆಸಿಕೊಂಡ ಪರಿಚಯಗಳನ್ನೇ ಬಳಸಿ ಅವನು ಬಂಜಾರರನ್ನು ಕಂಪನಿಯ ಕಡೆ ಒಲಿಸಿಕೊಂಡ. ಹೇರೆತ್ತಿನ ಮೇಲೆ ಧಾನ್ಯ, ಉಪ್ಪು ಸಾಗಿಸುತ್ತಿದ್ದ ಈ ಲಂಬಾಣಿ ತಾಂಡಾಗಳು ಯಾರ ಪಕ್ಷವೂ ಅಲ್ಲ. ಬೆಲೆ ಕೊಟ್ಟವರ ಪಾಳೆಯಕ್ಕೆ ಮಾಲು ತರುತ್ತಿದ್ದರು, ಎರಡೂ ಕಡೆಯವರು ಅವರನ್ನು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಹಾಗಾಗಿ ತಾಂಡಾ ಎಲ್ಲಿಗೆ ಹೊರಟಿದೆ ಎಂಬುದೇ ಒಂದು ಸುದ್ದಿ.

ಆ ದಾರಿ ಕಡಿಯಲು ಟಿಪ್ಪು ಬಾಕರ್ ಸಾಹೇಬನ ಪಡೆಯನ್ನು ಬಾರಾಮಹಲಿಗೆ ಕಳಿಸಿದ. ಕೃಷ್ಣಗಿರಿ ಕೋಟೆಗೆ ಬಲ ತುಂಬುವುದು, ಸೀಮೆಯ ಜನ, ದನಗಳನ್ನು ಮೇಲಕ್ಕೆ ಸಾಗಿಸಿ ಶತ್ರುವಿಗೆ ಏನೂ ಸಿಗದಂತೆ ಮಾಡುವುದು ಉದ್ದೇಶ. ಮ್ಯಾಕ್ಸ್‌ವೆಲ್ ಇಳಿದು ಬಂದು 1791ರ ಅಕ್ಟೋಬರ್ 31ರಂದು ಧರ್ಮಪುರಿ ಸೀಮೆಯ ಪೆನ್ನಾಗರದ ಕೋಟೆಯನ್ನು ಹಿಡಿದ. ನವೆಂಬರ್ 7ರ ರಾತ್ರಿ ಕೃಷ್ಣಗಿರಿಯ ಪೇಟೆಯನ್ನೂ ತೆಗೆದುಕೊಂಡ. ಬಂಡೆಯ ಮೇಲಿನ ಕೋಟೆ ದಕ್ಕಲಿಲ್ಲ. ಆದರೂ ದಾರಿ ತೆರೆದೇ ಉಳಿಯಿತು, ಅಕ್ಕಿ ಹತ್ತುತ್ತಲೇ ಹೋಯಿತು.

1792ರ ಮಾರ್ಚಿನ ಸಂಧಿಯಲ್ಲಿ ಬಾರಾಮಹಲ್, ಸೇಲಂಗಳು ಕಂಪನಿಗೆ ಬಂದಾಗ ಆಡಳಿತ ಸಿಕ್ಕಿದ್ದು ರೀಡ್‌ಗೆ. ಮನ್ರೋ, ಮೆಕ್ಲಾಯ್ಡ್, ಗ್ರಹಾಂ ಅವನ ಸಹಾಯಕರು. ಮನ್ರೋ ಧರ್ಮಪುರಿಯಲ್ಲಿ ನೆಲೆಸಿದ. ನಾಡಭಾಷೆ ಬಲ್ಲವರು ಮದರಾಸಿನ ಕಂದಾಯ ಅಧಿಕಾರಿಗಳಲ್ಲಿ ವಿರಳವೆಂದು ಕಾರ್ನ್‌ವಾಲಿಸ್ ಈ ಸೇನಾಧಿಕಾರಿಗಳನ್ನೇ ಆರಿಸಿದ್ದ. ಯಾವ ಊರಿನಲ್ಲಿ ಎಷ್ಟು ಧಾನ್ಯ, ಎಷ್ಟು ಎತ್ತು ಎಂದು ಶತ್ರುವಿನ ನೆಲದಲ್ಲಿ ಕೇಳಿ ತಿಳಿಯುತ್ತಿದ್ದವರು ಈಗ ಅದೇ ಪ್ರಶ್ನೆಯನ್ನು ಹೊಲಹೊಲಕ್ಕೂ ಹೋಗಿ ಕೇಳಿದರು; ರೈತವಾರಿ ಪದ್ಧತಿ ಬೆಳೆದದ್ದು ಇಲ್ಲಿಂದ. ಹೊಸೂರು ಕಡೆಯ ಮೇಲುಸೀಮೆ ಟಿಪ್ಪುವಿನ ಕೈಯಲ್ಲೇ ಉಳಿದಿದ್ದರಿಂದ ರಾಯಕೋಟೆ ಗಡಿಕಾವಲಾಯಿತು.

1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಅದೇ ರಾಯಕೋಟೆಯ ಬಳಿಯಿಂದ ಗಡಿ ದಾಟಿತು. ಬಾರಾಮಹಲಿನ ಧಾನ್ಯ, ಬಂಜಾರರ ಎತ್ತುಗಳನ್ನು ಕೂಡಿಸಿ ಕಾವೇರಿಪುರದ ಘಟ್ಟದ ಮೂಲಕ ಹತ್ತಿಸುವ ಕೆಲಸ ರೀಡ್ ಮತ್ತು ಕರ್ನಲ್ ಬ್ರೌನ್‌ರದು. ಏಪ್ರಿಲ್ ನಡುವೆ ಶ್ರೀರಂಗಪಟ್ಟಣದ ಮುಂದೆ ಅಕ್ಕಿಯ ಲೆಕ್ಕ ನೋಡಿದ ಹ್ಯಾರಿಸ್, ಅರೆಹೊಟ್ಟೆಗೂ ಕೆಲವೇ ದಿನ ಬರುವಷ್ಟಿದೆ ಎಂದು ತಿಳಿದು, ಆ ಸಾಗಣೆಗೆ ಬೆಂಗಾವಲಾಗಿ ಫ್ಲಾಯ್ಡ್‌ನನ್ನು ಕುದುರೆ ಪಡೆಯೊಂದಿಗೆ ಘಟ್ಟದ ಕಡೆಗೆ ಓಡಿಸಿದ. ಮೇ 4ರಂದು ಕೋಟೆ ಬಿತ್ತು. ಹೊಸೂರಿನ ಮೇಲುಸೀಮೆಯೂ ಕಂಪನಿಯ ಸೇಲಂ ಜಿಲ್ಲೆಗೆ ಸೇರಿತು. ಘಟ್ಟದ ಮೇಲೂ ಕೆಳಗೂ ಒಬ್ಬನದೇ ಆಳ್ವಿಕೆಯಾದ ಮೇಲೆ ಕಣಿವೆಗಳನ್ನು ಕಾಯುವ ಕೆಲಸ ಉಳಿಯಲಿಲ್ಲ.