ರಾಗಿ ತಿಂದರೂ ಸುಣ್ಣ ಸಾಲದ ಕೋಳಿ

ಪದ್ಮನಾಭನಗರದ ಓದುಗರೊಬ್ಬರು ಕೇಳಿದ್ದಾರೆ: 'ತಾರಸಿಯಲ್ಲಿ ನಾಲ್ಕು ಗಿರಿರಾಜ ಕೋಳಿ ಸಾಕಿದ್ದೇವೆ. ರಾಗಿ, ಮಿಕ್ಕ ಅನ್ನ ಹಾಕುತ್ತೇವೆ. ಮೊಟ್ಟೆ ಮುಟ್ಟಿದರೆ ಒಡೆಯುತ್ತದೆ. ರಾಗಿಯಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆ ಅಂತಾರಲ್ಲ?'

ಇದೆ, ಮನುಷ್ಯರ ಲೆಕ್ಕಕ್ಕೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಮೊಟ್ಟೆ ಇಡುವ ಕೋಳಿ ದಿನಕ್ಕೆ ತಿನ್ನುವುದು 110–120 ಗ್ರಾಂ. ಬರೀ ರಾಗಿ ತಿಂದರೂ ಅರ್ಧ ಗ್ರಾಂ ಕ್ಯಾಲ್ಸಿಯಂ ದಕ್ಕದು. ಒಂದು ಚಿಪ್ಪಿಗೇ ಸುಮಾರು 2 ಗ್ರಾಂ ಬೇಕು. ತಿಂದದ್ದೆಲ್ಲ ಮೈಗೆ ಹತ್ತದು, ಹಾಗಾಗಿ ಆಹಾರದಲ್ಲಿ ಅದರ ಇಮ್ಮಡಿ ಇರಬೇಕು. ಸಾಲದ್ದನ್ನು ಕೋಳಿ ತನ್ನ ಮೂಳೆ ಕರಗಿಸಿ ಕೊಡುತ್ತದೆ, ಅದೂ ಕೆಲವು ದಿನ.

ಹಳ್ಳಿಯ ನಾಟಿ ಕೋಳಿಗೆ ಇದೆಲ್ಲ ಯಾರು ಲೆಕ್ಕ ಹಾಕಿದ್ದರು ಅನ್ನಬಹುದು. ಅದು ಇಡೀ ದಿನ ತಿಪ್ಪೆ ಕೆದಕಿ ಹುಳ, ಗೆದ್ದಲು, ಸೊಪ್ಪು ಹೆಕ್ಕುತ್ತಿತ್ತು, ಮೊಟ್ಟೆಯೂ ಕಡಿಮೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಅದಕ್ಕಿಂತ ಹೆಚ್ಚು ಇಡುತ್ತದೆ, ಕಾಂಕ್ರೀಟ್ ತಾರಸಿಯಲ್ಲಿ ಗೆದ್ದಲೆಲ್ಲಿ ಬರಬೇಕು?

ಇನ್ನು ಅನ್ನ. ಬಿಳಿ ಅನ್ನದ ಮರ್ಮ ಬಯಲಾದದ್ದೇ ಕೋಳಿಗಳಿಂದ. 1889ರಲ್ಲಿ ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, ಡಚ್ ವೈದ್ಯ ಕ್ರಿಸ್ತಿಯಾನ್ ಐಕ್‌ಮನ್ ಬೆರಿಬೆರಿಯ ರೋಗಾಣು ಹುಡುಕುತ್ತಿದ್ದ. ಪ್ರಯೋಗದ ಕೋಳಿಗಳು ಕಾಲು ಸೋತು ಓಲಾಡತೊಡಗಿದವು. ರೋಗಾಣು ಮಾತ್ರ ಸಿಗಲಿಲ್ಲ. ಅಷ್ಟರಲ್ಲಿ ಕೋಳಿಗಳು ತಾವಾಗಿಯೇ ಚೇತರಿಸಿಕೊಂಡವು! ವಿಚಾರಿಸಿದರೆ ಕಾರಣ ಅಡುಗೆಮನೆಯಲ್ಲಿತ್ತು. ಅವಕ್ಕೆ ಮಿಲಿಟರಿ ಆಸ್ಪತ್ರೆಯ ಪಾಲಿಶ್ ಅಕ್ಕಿಯ ಅನ್ನ ಬರುತ್ತಿತ್ತು. ಹೊಸದಾಗಿ ಬಂದ ಅಡುಗೆಯವನು, ಸೈನ್ಯದ ಅನ್ನ ಈ ಕೋಳಿಗಳಿಗೇಕೆ ಎಂದು ನಿಲ್ಲಿಸಿಬಿಟ್ಟಿದ್ದ. ಪಾಲಿಶ್ ಇಲ್ಲದ ಅಕ್ಕಿಗೆ ಬಂದ ಮೇಲೆ ಕಾಯಿಲೆ ಹೋಯಿತು. ಅಕ್ಕಿಯಲ್ಲಿ ವಿಷವಿದೆ, ತೌಡು ಅದನ್ನು ಮುರಿಯುತ್ತದೆ ಎಂದೇ ಐಕ್‌ಮನ್ ನಂಬಿದ್ದ. ವಿಷವೂ ಇಲ್ಲ ಏನೂ ಇಲ್ಲ, ಬೇಕಾದ್ದೇ ತೌಡಿನ ಜೊತೆ ಹೋಗುತ್ತಿದೆ ಎಂದು 1901ರಲ್ಲಿ ತಿದ್ದಿದವನು ಅವನ ಉತ್ತರಾಧಿಕಾರಿ ಖೆರಿಟ್ ಖ್ರೈನ್ಸ್. 1929ರ ನೊಬೆಲ್ ಮಾತ್ರ ಐಕ್‌ಮನ್‌ಗೆ, ಇಂಗ್ಲೆಂಡಿನ ವಿಜ್ಞಾನಿ ಹಾಪ್ಕಿನ್ಸ್ ಜೊತೆ. ಅಡುಗೆಯವನ ಹೆಸರು ಯಾರಿಗೆ ಬೇಕು!

ಹೊರಗೆಸೆದ ಆ ವಸ್ತುವೇ ಬಿ1 ಜೀವಸತ್ವ. ನಿಮ್ಮ ಅನ್ನ ಮೇಲೋಗರವಾಗಿರಲಿ, ಊಟ ಬೇರೆ ಇರಲಿ. ಬೂಸಾ ಅಂಗಡಿಯಲ್ಲಿ 'ಲೇಯರ್ ಮ್ಯಾಶ್' ಕೇಳಿ: ಮುಸುಕಿನ ಜೋಳ, ಸೋಯಾ ಹಿಂಡಿ, ತೌಡು, ಸುಣ್ಣಕಲ್ಲಿನ ಪುಡಿ. ಚೀಟಿಯಲ್ಲಿ ಪ್ರೋಟೀನ್ 16–18%, ಕ್ಯಾಲ್ಸಿಯಂ 3.5–4% ಇದ್ದರಾಯಿತು. ಆನ್‌ಲೈನ್‌ನ 'ಆರ್ಗ್ಯಾನಿಕ್' ಪೊಟ್ಟಣದ ಮೇಲೆ ಈ ಎರಡು ಅಂಕಿ ಇಲ್ಲದಿದ್ದರೆ ನಾನಂತೂ ಕೊಳ್ಳಲಾರೆ. ಪಕ್ಕದಲ್ಲೊಂದು ಬಟ್ಟಲು ಕಪ್ಪೆಚಿಪ್ಪಿನ ಚೂರು ಇಡಿ, ಪುಡಿ ಬೇಡ. ಚಿಪ್ಪು ಬಹುಪಾಲು ಕಟ್ಟಿಕೊಳ್ಳುವುದು ರಾತ್ರಿ. ದಪ್ಪ ಚೂರು ಹೊಟ್ಟೆಯಲ್ಲಿ ನಿಧಾನ ಕರಗಿ ಆ ಹೊತ್ತಿಗೆ ಒದಗುತ್ತದೆ.

ಮರಿಗಳಿಗೆ ಮಾತ್ರ ಲೇಯರ್ ಮ್ಯಾಶ್ ಹಾಕಬೇಡಿ, ಅಷ್ಟು ಕ್ಯಾಲ್ಸಿಯಂಗೆ ಮೂತ್ರಪಿಂಡ ಕೆಡುತ್ತದೆ. ಅವಕ್ಕೆ ಚಿಕ್ ಮ್ಯಾಶ್.

ಅಗ್ಗವೆಂದು 50 ಕಿಲೋ ಮೂಟೆ ತರಬೇಡಿ. ನಾಲ್ಕು ಕೋಳಿಗೆ ಅದು ಸುಮಾರು ನಾಲ್ಕು ತಿಂಗಳು. ಮಳೆಗಾಲದಲ್ಲಿ ಬೂಷ್ಟು ಹಿಡಿಯದೆ ಇರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಆ ವಿಷ, ಅಫ್ಲಾಟಾಕ್ಸಿನ್, ಬಿಸಿಲಿಗೆ ಹಾಕಿದರೂ ಬೇಯಿಸಿದರೂ ಪೂರಾ ಹೋಗದು. ಐದು–ಹತ್ತು ಕಿಲೋ ಬಿಡಿಯಾಗಿ ತನ್ನಿ. ಮೂಟೆಯ ತಳದಿಂದ ಒಂದು ಹಿಡಿ ತೆಗೆಸಿ ಮೂಸಿ ನೋಡಿ. ಗಂಟು ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ, ಬೇರೆ ಅಂಗಡಿಗೆ ನಡೆಯಿರಿ.