ಹತ್ತರ ಎದುರಿನ ಆ ಒಂದು ಗೋಲು

ಬಾಲ್ಯದಲ್ಲಿ ಮನಸ್ಸನ್ನು ಸೂರೆಗೊಂಡ ವೀರನನ್ನು ಕಣ್ಣಾರೆ ಕಂಡಿರಲೇಬೇಕೆಂಬ ನಿಯಮವೇನೂ ಇಲ್ಲ. ಮಳವಳ್ಳಿಯ ಹುಡುಗನೊಬ್ಬನಿಗೆ ಬೆಂಗಳೂರಿನ ಕಾಲ್ಚೆಂಡಿನ ಪಟು ಅಹಮದ್ ಖಾನರು ಅಂತಹ ವೀರರು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿದ್ದ ಸೋದರಮಾವ ಊರಿಗೆ ಬಂದಾಗಲೆಲ್ಲ ಅವರ ಕಥೆಯನ್ನೇ ಹೇಳುತ್ತಿದ್ದ. ಪುಂಗಿಯ ನಾದಕ್ಕೆ ಹಾವು ತಲೆದೂಗುವಂತೆ ಚೆಂಡು ಅವರ ಪಾದಕ್ಕೆ ಮಣಿಯುತ್ತಿತ್ತಂತೆ. ಅದಕ್ಕೇ ಅವರಿಗೆ ‘ಹಾವಾಡಿಗ’ನೆಂಬ ಬಿರುದು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಇವರೊಡನೆ ಖಾನರೂ ಸೇರಿ ‘ಪಂಚಪಾಂಡವ’ರೆನಿಸಿದ್ದರು.

ಹುಡುಗನಿಗೆ ಹೆಚ್ಚು ಹಿಡಿಸಿದ ಸಂಗತಿ ಬೇರೆ. ಖಾನರೂ ಬರಿಗಾಲಲ್ಲೇ ಆಡುತ್ತಿದ್ದರು! ಕೊಯ್ಲಾದ ಗದ್ದೆಯ ಕೂಳೆಯ ನಡುವೆ ಚಿಂದಿಬಟ್ಟೆಯ ಚೆಂಡನ್ನು ಒದೆಯುವ ಹುಡುಗರ ಕಾಲಿಗೂ ಮೆಟ್ಟಿರಲಿಲ್ಲ.

1952ರ ಜುಲೈ ತಿಂಗಳು. ಮದ್ದೂರಿನಲ್ಲಿ ರೈಲಿನಿಂದಿಳಿದು ಬಸ್ಸಿನಲ್ಲಿ ಮಳವಳ್ಳಿಗೆ ಬಂದ ಪತ್ರಿಕೆ ಸಿಡಿಲಿನಂತಹ ಸುದ್ದಿಯನ್ನು ತಂದಿತು. ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯದ ಎದುರು ಭಾರತಕ್ಕೆ 10–1ರ ಸೋಲು! ಗೆಳೆಯರು ನಕ್ಕರು. ಹುಡುಗ ಚಿಂದಿಚೆಂಡನ್ನು ಅಟ್ಟದ ಮೇಲೆಸೆದು, ರಾತ್ರಿ ಉಣ್ಣದೆ ಮಲಗಿದ.

ಮುಂದಿನ ಭಾನುವಾರ ಬಂದ ಮಾವ ಕೇಳಿದ್ದು ಒಂದೇ ಮಾತು: “ಆ ಒಂದು ಗೋಲು ಹೊಡೆದೋನು ಯಾರು ಗೊತ್ತೇನ್ಲಾ?”

ಹೊಡೆದವರು ಅಹಮದ್ ಖಾನರು. ಅದೂ ಆಟ ಇನ್ನೇನು ಮುಗಿಯಲಿದ್ದಾಗ, ಗೆಲುವಿನ ಆಸೆ ಎಂದೋ ಕಮರಿಹೋಗಿದ್ದಾಗ. ಹುಡುಗ ಮರುಮಾತಾಡದೆ ಅಟ್ಟ ಹತ್ತಿದ.

ಆ ಯುಗೋಸ್ಲಾವಿಯ ಸಾಮಾನ್ಯ ತಂಡವಲ್ಲ. ಆ ವರ್ಷ ಬೆಳ್ಳಿಯ ಪದಕ ಗೆದ್ದಿತು. ಚಳಿಯ ನಾಡಿನಲ್ಲಿ ಬರಿಗಾಲಿನ ಆಟ ಸಲ್ಲದೆಂದು ಅರಿತ ಮೇಲೆ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಮ್ಮ ತಂಡ ನಾಲ್ಕನೆಯ ಸ್ಥಾನಕ್ಕೇರಿತು. ಅದರಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರು.

ಖಾನರು 2017ರಲ್ಲಿ ತೀರಿಕೊಂಡರು. ಅಂದಿನ ಹುಡುಗ ಇಂದು ಎಂಬತ್ತು ದಾಟಿದ ಅಜ್ಜ. ಮೊಬೈಲಿನಲ್ಲಿ ಪರದೇಶದ ಪಂದ್ಯ ನೋಡುವ ಮೊಮ್ಮಗ ತನ್ನ ತಂಡ ಸೋತು ಮುಖ ಬಾಡಿಸಿ ಕುಳಿತಾಗ, ಅಜ್ಜ ಬಳಿಗೆ ಕರೆದು ಹೆಲ್ಸಿಂಕಿಯ ಕಥೆ ಹೇಳುತ್ತಾರೆ. ಆ ಹತ್ತು ಗೋಲು ಹೊಡೆದವರ ಹೆಸರು ಅವರಿಗೆ ನೆನಪಿಲ್ಲ.