ಕೂಸು ಸಮಿತಿಗೆ ಹೋದರೆ ತಾಯಿಯ ಹಕ್ಕು ಮುಗಿಯಿತೇ?

ಹೆರಿಗೆಯಾದ ಕೆಲವೇ ದಿನಕ್ಕೆ ಕೂಸನ್ನು ಬಿಟ್ಟುಕೊಡಬೇಕಾಗಿ ಬರುವ ಹೆಣ್ಣುಮಕ್ಕಳು ನಮ್ಮ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲೂ ಇದ್ದಾರೆ. ಗುಳೆ ಹೋದಲ್ಲಿ ನಂಬಿ ಮೋಸಹೋದವಳು, ಗಂಡ ಕೈಬಿಟ್ಟವಳು, ಹದಿನೆಂಟು ತುಂಬುವ ಮೊದಲೇ ಬಸುರಾದವಳು, ಹೆತ್ತ ಮೇಲೆ ಮನಸ್ಸಿನ ಹಿಡಿತ ತಪ್ಪಿದವಳು. ಇವರ ಬಗ್ಗೆ ಓಡಾಡುವ ಮಾತುಗಳಲ್ಲಿ ಬಹಳಷ್ಟು ಸುಳ್ಳು. ಆ ಸುಳ್ಳನ್ನು ನಂಬಿ ತಾಯಿ-ಮಗು ಬೇರೆಯಾದರೆ ಮತ್ತೆ ಕೂಡುವುದು ಕಷ್ಟ. ಹಾಗಾಗಿ ಅವಳ ಪಕ್ಕದಲ್ಲಿರುವ ತಾಯಿ, ಅಕ್ಕ, ಆಶಾ ಕಾರ್ಯಕರ್ತೆಗೆ ಮೊದಲು ನಿಜ ಗೊತ್ತಿರಬೇಕು.

“ಸಹಿ ಹಾಕಿದ ಮೇಲೆ ಕೂಸು ವಾಪಸ್ ಬರೋದಿಲ್ಲ”

ಬರುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶವಿದೆ. ಅಷ್ಟು ದಿನ ಆ ಮಗುವನ್ನು ಯಾರಿಗೂ ದತ್ತು ಕೊಡುವಂತಿಲ್ಲ. ಒಪ್ಪಿಸುವ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಸಮಿತಿ ಅವಳ ಜೊತೆ ಕೂತು ಆಪ್ತಸಮಾಲೋಚನೆ ಮಾಡಬೇಕು, ಮಗು ಅವಳ ಹತ್ತಿರವೇ ಉಳಿಯುವ ದಾರಿ ಇದೆಯೇ ಎಂದು ಹುಡುಕಬೇಕು. ಗಂಡ-ಹೆಂಡತಿಯ ಮಗುವಾದರೆ ಇಬ್ಬರೂ ಸಹಿ ಹಾಕಬೇಕು. ಮದುವೆಯಾಗದ ತಾಯಿಯಾದರೆ ಅವಳೊಬ್ಬಳದೇ ತೀರ್ಮಾನ. ಅವಳ ಅಪ್ಪನಿಗಾಗಲಿ ಅಣ್ಣನಿಗಾಗಲಿ ಅವಳ ಪರವಾಗಿ ಮಗುವನ್ನು ಬಿಟ್ಟುಕೊಡುವ ಅಧಿಕಾರವಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಹೆರಿಗೆಯಾದ ವಾರದಲ್ಲಿ ಸಹಿ ಹಾಕಿದವಳಿಗೆ ದಿನದ ಲೆಕ್ಕ ಇಡುವ ಸ್ಥಿತಿಯೇ ಇರುವುದಿಲ್ಲ. ಮನೆಯವರು ಆ ಮಾತೇ ಎತ್ತಬೇಡ ಎನ್ನುತ್ತಾರೆ. ಮನಸ್ಸು ಬದಲಾದರೂ ಜಿಲ್ಲಾ ಕೇಂದ್ರ ಹೊಸಪೇಟೆಗೆ ಹೋಗಿಬರಲು ಕೈಯಲ್ಲಿ ಕಾಸಿಲ್ಲ, ಜೊತೆಗೆ ಬರುವವರಿಲ್ಲ. ಕಾಯ್ದೆ ಕೊಟ್ಟ ಅರವತ್ತು ದಿನ ಹೀಗೇ ಕಳೆದುಹೋಗುತ್ತದೆ. ಬೆಂಬಲ ಎಂದರೆ ಮೊದಲು ಈ ಅರವತ್ತು ದಿನದಲ್ಲಿ ಅವಳ ಜೊತೆ ಇರುವುದು ಎಂದು ನಾನು ತಿಳಿದಿದ್ದೇನೆ.

ಬಡತನವೊಂದೇ ಕಾರಣವಾದರೆ ಮಗುವನ್ನು ಬಿಡಬೇಕಾಗಿಯೇ ಇಲ್ಲ. ವಿಧವೆ, ವಿಚ್ಛೇದಿತೆ, ಮನೆಯವರು ಕೈಬಿಟ್ಟ ತಾಯಿಯ ಮಗುವಿಗೆ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಬೇಕು.

“ಸಮಿತಿ ಮುಂದೆ ಹೋದರೆ ಪೊಲೀಸ್ ಕೇಸ್ ಆಗುತ್ತೆ”

ಆಗುವುದಿಲ್ಲ. ಒಪ್ಪಿಸಿದ ಮಗುವಿನ ವಿಚಾರಣೆ ನಡೆಯುವಾಗ ಹೆತ್ತವರ ಮೇಲೆ ಎಫ್‌ಐಆರ್ ದಾಖಲಿಸುವಂತಿಲ್ಲ ಎಂದು ಅದೇ ಕಾಯ್ದೆಯ 38ನೇ ಸೆಕ್ಷನ್ ಹೇಳುತ್ತದೆ. ಅವಳ ಹೆಸರು, ಗುರುತು ಗುಟ್ಟಾಗಿರುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆಯೂ ಬರುವುದಿಲ್ಲ. ಕೇಸಿಗೆ ಹೆದರಿ ಕೂಸನ್ನು ಜಾಲಿಪೊದೆಯಲ್ಲೋ ಬಸ್ ನಿಲ್ದಾಣದಲ್ಲೋ ಬಿಟ್ಟುಹೋದರೇ ಅಪಾಯ. ಮಗುವನ್ನು ಹಾಗೆ ತೊರೆಯುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಜೀವವೂ ಉಳಿಯಲಿಕ್ಕಿಲ್ಲ.

ತಾಯಿ ಹದಿನೆಂಟರ ಒಳಗಿನವಳಾದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ಪೋಕ್ಸೊ ಕಾಯ್ದೆಯ ಕಡ್ಡಾಯವದು. ಆದರೆ ಅದು ಅವಳ ಮೇಲಿನ ದೂರಲ್ಲ. ಕಾನೂನಿನ ಕಣ್ಣಲ್ಲಿ ಅವಳೂ ರಕ್ಷಣೆ ಬೇಕಾದ ಮಗುವೇ.

“ಗೊತ್ತಿದ್ದವರ ಮೂಲಕ ಗುಟ್ಟಾಗಿ ಕೊಟ್ಟರೆ ಮರ್ಯಾದೆ ಉಳಿಯುತ್ತೆ”

ಮಕ್ಕಳಿಲ್ಲದವರಿಗೆ ಛಾಪಾಕಾಗದದ ಮೇಲೆ ಬರೆದುಕೊಟ್ಟು ಕೂಸನ್ನು ದಾಟಿಸುವುದು ದತ್ತು ಅಲ್ಲ. ಹಣ ಕೈ ಬದಲಾಯಿಸಿದರೆ ಅದು ಮಾರಾಟ, ಐದು ವರ್ಷದವರೆಗೆ ಜೈಲು. ಆಸ್ಪತ್ರೆಯ ಸಿಬ್ಬಂದಿ ಸೇರಿಕೊಂಡಿದ್ದರೆ ಅವರಿಗೆ ಮೂರರಿಂದ ಏಳು ವರ್ಷ. ತಾಯಿಗೆ ಇಲ್ಲಿ ಎರಡು ತಿಂಗಳ ಅವಕಾಶವೂ ಇಲ್ಲ. ಮುಂದೊಂದು ದಿನ ಮಗು ತನ್ನ ಮೂಲ ಹುಡುಕಿ ಹೊರಟರೆ ನೋಡಲು ಒಂದು ಕಡತವೂ ಇರುವುದಿಲ್ಲ.

“ಅಪ್ಪನ ಹೆಸರಿಲ್ಲದಿದ್ದರೆ ಜನನ ಪತ್ರ ಆಗೋದಿಲ್ಲ”

ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿದೆ. ಆದರೂ ಮಗುವಿಗೆ ಅಪ್ಪನ ಹೆಸರು ಬರೆಸಲಾಗದ ಆ ಮನೆಗಳ ಹೆಣ್ಣುಮಕ್ಕಳನ್ನು ಈ ಒಂದು ಮಾತು ಇಂದಿಗೂ ಹೆದರಿಸುತ್ತದೆ. ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟು ಕೇಳಿದರೆ ಮಗುವಿನ ಜನನ ಪತ್ರ ಕೊಡಲೇಬೇಕು ಎಂದು 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

“ಬಾಣಂತಿ ಸನ್ನಿ ಬಂದವಳಿಂದ ಕೂಸನ್ನು ದೂರ ಮಾಡಬೇಕು”

ಹೆರಿಗೆಯಾದ ಒಂದೆರಡು ವಾರದಲ್ಲಿ ಬಾಣಂತಿ ರಾತ್ರಿಯಿಡೀ ಎಚ್ಚರವಿರುತ್ತಾಳೆ, ಒಬ್ಬಳೇ ಮಾತಾಡುತ್ತಾಳೆ, ಯಾರನ್ನೂ ನಂಬುವುದಿಲ್ಲ, ಇದು ನನ್ನ ಕೂಸಲ್ಲ ಎನ್ನುತ್ತಾಳೆ. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆಯಿದು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿ, ಕೂಸನ್ನು ಬೇರೆ ಮನೆಗೆ ಸಾಗಿಸಿ, ಇವಳನ್ನು ಕೋಣೆಯಲ್ಲಿ ಕೂಡಿಹಾಕುವುದುಂಟು. ಆ ಸ್ಥಿತಿಯಲ್ಲಿ ಕೂಸಿನ ಜೊತೆ ಅವಳೊಬ್ಬಳನ್ನೇ ಬಿಡಬಾರದು, ಅದು ನಿಜ. ಆದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆಯಿದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಘಟಕ ನಡೆಯುತ್ತಿದೆ. ಅಲ್ಲಿ ಬಾಣಂತಿಯನ್ನೂ ಕೂಸನ್ನೂ ಒಟ್ಟಿಗೇ ದಾಖಲಿಸಿಕೊಳ್ಳುತ್ತಾರೆ, ಮನೆಯ ಹೆಣ್ಣೊಬ್ಬಳು ಜೊತೆಗಿರುತ್ತಾಳೆ. ಔಷಧ ಕೊಡುತ್ತಲೇ ಕೂಸನ್ನು ಎತ್ತಿಕೊಳ್ಳಲು, ಮಾತಾಡಿಸಲು ಅವಳಿಗೆ ನೆರವಾಗುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನೇ ಹೇಳುತ್ತದೆ: ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ಮನೋವೈದ್ಯರು ಕಂಡುಕೊಂಡರೆ ತಾತ್ಕಾಲಿಕವಾಗಿ ಬೇರೆ ಇಡಬಹುದು, ಆ ತೀರ್ಮಾನವನ್ನು ಹದಿನೈದು ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಹಳ್ಳಿಯಿಂದಲೂ ಕರೆ ಮಾಡಬಹುದು.

“ಕೂಸೇ ಇಲ್ಲ ಅಂದಮೇಲೆ ಬಾಣಂತನ ಯಾಕೆ?”

ನನಗೆ ಅತಿ ಕ್ರೂರವೆನಿಸುವ ಮಾತಿದು. ಕೂಸು ಇರಲಿ ಬಿಡಲಿ, ಹೆರಿಗೆಯಾದ ಎರಡು-ನಾಲ್ಕು ದಿನದಲ್ಲಿ ಎದೆಗೆ ಹಾಲು ಇಳಿಯುತ್ತದೆ. ಕುಡಿಯುವ ಬಾಯಿ ಇಲ್ಲದೆ ಎದೆ ಕಲ್ಲಾಗುತ್ತದೆ, ಕೆಲವರಿಗೆ ಬಾವು, ಜ್ವರ ಬರುತ್ತದೆ. ಹಾಲು ಬತ್ತಿಸಲು ದುಂಡುಮಲ್ಲಿಗೆ ಹೂವನ್ನು ಎದೆಗೆ ಕಟ್ಟುವ ರೂಢಿ ದಕ್ಷಿಣದಲ್ಲಿ ಹಳೆಯದು. ವೆಲ್ಲೂರಿನ ವೈದ್ಯರು ಅದನ್ನು ಮಾತ್ರೆಯ ಜೊತೆ ಹೋಲಿಸಿ ನೋಡಿ, ಹೂವೂ ಕೆಲಸ ಮಾಡುತ್ತದೆ ಎಂದು 1988ರಲ್ಲಿ ವರದಿ ಮಾಡಿದರು. ತಣ್ಣೀರ ಬಟ್ಟೆ ಹಾಕುವುದು, ನೋವು ಇಳಿಯುವಷ್ಟು ಮಾತ್ರ ಹಾಲು ಹಿಂಡುವುದು ಮನೆಯಲ್ಲೇ ಆಗುವ ಉಪಚಾರ. ಹಾಲು ನಿಲ್ಲಿಸುವ ಮಾತ್ರೆ ರಕ್ತದೊತ್ತಡ ಇರುವವರಿಗೆ ಒಗ್ಗದಿರಬಹುದು, ವೈದ್ಯರನ್ನು ಕೇಳದೆ ನುಂಗಬಾರದು. ಎದೆ ಕೆಂಪಾಗಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದವಳ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಕೂಸಿಲ್ಲದ ಮನೆಗೂ ಬರಬೇಕು, ಯಾಕೆಂದರೆ ರಕ್ತಸ್ರಾವ, ಹೊಲಿಗೆಯ ನಂಜು, ನಿದ್ದೆಗೇಡಿತನ ಎಲ್ಲವೂ ಅವಳಿಗೂ ಇವೆ. ಬಿಸಿನೀರು, ಬಿಸಿ ಊಟ, ಅಂಟಿನುಂಡೆಯೂ ಅವಳಿಗೆ ಸಲ್ಲಬೇಕು.

ಕೊನೆಯದಾಗಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ವಕೀಲರಿಗೆ ಹಣ ಬೇಕಿಲ್ಲ, ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವಿದೆ. ಮಕ್ಕಳ ಸಹಾಯವಾಣಿ 1098. ಅವಳ ಜೊತೆ ಹೋಗುವವರು ಒಪ್ಪಿಸುವ ಪತ್ರದ ಪ್ರತಿಯೊಂದನ್ನು ಕೇಳಿ ಪಡೆದು, ಅರವತ್ತನೇ ದಿನ ಯಾವುದೆಂದು ಅದರ ಮೇಲೇ ಬರೆದಿಡಿ.